ಅಭಿಮಾನ ಅಂದ್ರೆ ಏನು? ರೋಣದ ಹುಡುಗ, ಮ್ಯಾಂಚೆಸ್ಟರಿನ ಪಂಕರು ಮತ್ತು ನಾವು

ಗೆಳೆಯರೇ, ಈ ಸಲದ ಅಧ್ಯಯನ ಲೇಖನಕ್ಕೆ ವಿಷಯ ಹುಡುಕುವಾಗ ನಮ್ಮ ಸಂಘದಲ್ಲಿ ಒಂದು ಸಣ್ಣ ಜಗಳವೇ ಆಯ್ತು. ಒಂದು ಗುಂಪಿಗೆ ಪಂಕ್ ರಾಕ್ ಬಗ್ಗೆ ಬರೀಬೇಕು ಅಂತ ಆಸೆ. ಕ್ಯಾಂಪಸ್ಸಿನಲ್ಲಿ ರಮೋನ್ಸ್ ಟೀ ಶರ್ಟ್ ಹಾಕ್ಕೊಂಡು ಓಡಾಡೋರು ಸಾಕಷ್ಟು ಜನ ಇದ್ದಾರೆ, ಅವರಲ್ಲಿ ಆ ಬ್ಯಾಂಡಿನ ಒಂದು ಹಾಡನ್ನಾದರೂ ಪೂರ್ತಿ ಕೇಳಿದವರು ಎಷ್ಟು ಜನ ಅನ್ನೋದು ಬೇರೆ ಮಾತು. ಇನ್ನೊಂದು ಗುಂಪು ಕೇಳಿದ್ದು: "ಕನ್ನಡ ಸಂಘದ ಪತ್ರಿಕೇಲಿ ಲಂಡನ್ನಿನ ಬ್ಯಾಂಡ್ ಯಾಕ್ರೀ? ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಹಾಡು ಇಲ್ವಾ?"

ಎರಡೂ ಗುಂಪಿನವರು ಕೇಳುತ್ತಿದ್ದ ಪ್ರಶ್ನೆ ಒಂದೇ ಅಂತ ಸ್ವಲ್ಪ ಓದಿದ ಮೇಲೆ ಗೊತ್ತಾಯ್ತು. ಒಬ್ಬ ಹಾಡುಗಾರನನ್ನು ಮೆಚ್ಚಿಕೊಂಡವನಿಗೆ ಆ ಮೆಚ್ಚುಗೆ ಏನು ಮಾಡುತ್ತದೆ? ಅದು ಗೋಡೆಯ ಪೋಸ್ಟರಿನಲ್ಲೇ ಮುಗಿಯುತ್ತದೋ, ಬದುಕನ್ನೇ ತಿರುಗಿಸುತ್ತದೋ? ಈ ಪ್ರಶ್ನೆಗೆ ಎರಡು ಊರುಗಳಿಂದ ಎರಡು ಉದಾಹರಣೆ ತೆಗೆದುಕೊಂಡಿದ್ದೇವೆ. ಮೊದಲನೆಯದು ನಮ್ಮದೇ ಗದಗ ಜಿಲ್ಲೆಯದು.

೧. ಅಂಗಿ ಮೇಲೆ ಹೆಸರು ಬರೆಸಿಕೊಂಡ ಹುಡುಗ

ಪಂಡಿತ ಭೀಮಸೇನ ಜೋಶಿ ಹುಟ್ಟಿದ್ದು 1922ರ ಫೆಬ್ರವರಿ 4ರಂದು, ರೋಣದಲ್ಲಿ. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಮನೆ ತುಂಬ ಮಕ್ಕಳು, ಇವರೇ ಹಿರಿಯರು. ಊರಲ್ಲಿ ಮೆರವಣಿಗೆ ಹೊರಟರೆ, ಬ್ಯಾಂಡಿನ ಸದ್ದು ಕೇಳಿದರೆ ಈ ಹುಡುಗ ಅದರ ಹಿಂದೆಯೇ ಹೊರಟುಬಿಡುತ್ತಿದ್ದ. ನಡೆದು ನಡೆದು ದಣಿದು ಎಲ್ಲೋ ಒಂದು ಕಡೆ ಮಲಗಿಬಿಡೋದು, ಮನೆಯವರು ಊರೆಲ್ಲ ಹುಡುಕೋದು. ಕಡೆಗೆ ಅಪ್ಪ ಒಂದು ಉಪಾಯ ಮಾಡಿದರು. ಮಗನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರರ ಮಗ ಅಂತ ಬರೆದುಬಿಟ್ಟರು! ಸಿಕ್ಕವರು ಮನೆಗೆ ತಂದು ಬಿಡಲಿ ಅಂತ. ನಾವು ಅಂಗಿ ಮೇಲೆ ಬ್ಯಾಂಡಿನ ಹೆಸರು ಬರೆಸಿಕೊಳ್ತೀವಿ, ಈ ಹುಡುಗ ಬ್ಯಾಂಡಿನ ಹಿಂದೆ ಹೋಗಿದ್ದಕ್ಕೆ ಅಪ್ಪನ ಹೆಸರು ಬರೆಸಿಕೊಂಡ.

ಹೀಗಿರುವಾಗ ಹುಡುಗ ಒಂದು ಗ್ರಾಮಫೋನ್ ತಟ್ಟೆ ಕೇಳಿದ. ಹಾಡಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್, ಹಾಡಿದ್ದು ಒಂದು ಠುಮ್ರಿ. ಇಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ನಾವು ಒಂದು ಕ್ಷಣ ನಿಲ್ಲಬೇಕು. ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. 10 ಇಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಅಂದ್ರೆ ಸುಮಾರು 234 ಸುತ್ತು, ಅಷ್ಟೇ. ಕೀಲಿ ಕೊಟ್ಟು ಸ್ಪ್ರಿಂಗ್ ಬಿಗಿದರೆ ಸಾಕು, ತಿರುಗೋದಕ್ಕೆ ಕರೆಂಟೂ ಬೇಡ. ಅದಕ್ಕೇ ವಿದ್ಯುತ್ ಬರುವ ಮೊದಲೇ ಎಷ್ಟೋ ಊರುಗಳಿಗೆ ದೊಡ್ಡ ಗವಾಯಿಗಳ ದನಿ ಬಂದುಬಿಟ್ಟಿತ್ತು. ಅರಮನೆಯಲ್ಲಿ ಹಾಡುತ್ತಿದ್ದ ದನಿ ಅಂಗಡಿಯ ಕಟ್ಟೆ ಮೇಲೆ ಕೂತವನ ಕಿವಿಗೂ ಬಿತ್ತು. ಕೇಳೋದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಪಂಕ್ ಬಗ್ಗೆ ಮಾತಾಡುವಾಗ ಮತ್ತೆ ಬೇಕಾಗುತ್ತೆ.

ಆ ಮೂರು ನಿಮಿಷ ಹುಡುಗನನ್ನು ಬಿಡಲಿಲ್ಲ. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ವಿಜಾಪುರ, ಪುಣೆ, ಗ್ವಾಲಿಯರ್, ಕಲ್ಕತ್ತಾ, ದಿಲ್ಲಿ, ರಾಂಪುರ ಅಂತ ಸುತ್ತಿದ. ರೈಲಿನಲ್ಲಿ ಟಿಕೆಟ್ ಇಲ್ಲ, ಕೈಯಲ್ಲಿ ಕಾಸಿಲ್ಲ. ಕೊನೆಗೆ ಪಂಜಾಬಿನ ಜಾಲಂಧರದಲ್ಲಿ ಅಪ್ಪ ಪತ್ತೆ ಹಚ್ಚಿ ಮನೆಗೆ ಕರೆತಂದರು.

ಮುಂದಿನದು ಈ ಕಥೆಯಲ್ಲಿ ನಮಗೆ ಬಹಳ ಇಷ್ಟವಾದ ತಿರುವು. 1936ರಲ್ಲಿ ಗುರು ಸಿಕ್ಕರು. ಎಲ್ಲಿ? ಕುಂದಗೋಳದಲ್ಲಿ! ಹುಬ್ಬಳ್ಳಿಯಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಗುರುಗಳ ಹೆಸರು ರಾಮಭಾವು ಕುಂದಗೋಳಕರ, ಜನ ಕರೆಯುತ್ತಿದ್ದದ್ದು ಸವಾಯಿ ಗಂಧರ್ವ ಅಂತ. ಅವರು ಯಾರ ಶಿಷ್ಯರು ಗೊತ್ತಾ? ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಹುಡುಗ ಉತ್ತರ ಭಾರತವನ್ನೆಲ್ಲ ಸುತ್ತಿ ಹುಡುಕಿದ ದನಿಯ ಮೂಲ ತಮ್ಮ ಊರಿನ ಮಗ್ಗುಲಲ್ಲೇ ಇತ್ತು. ನೆಟ್‌ವರ್ಕ್ ಭಾಷೆಯಲ್ಲಿ ಹೇಳೋದಾದರೆ, ತಟ್ಟೆಯಿಂದ ಗುರುವಿಗೆ ಒಂದೇ ಹಾಪ್.

ಗುರುಮನೆಯಲ್ಲಿ ನೀರು ಹೊರೋದು, ಮನೆಗೆಲಸ ಮಾಡೋದು ಎಲ್ಲ ಪಾಠದ ಭಾಗವೇ ಆಗಿತ್ತು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಕಲಿಯಲು ಬರುತ್ತಿದ್ದ ಗಂಗೂಬಾಯಿ ಹಾನಗಲ್ ಕೂಡ ಅದೇ ಗುರುವಿನ ಶಿಷ್ಯೆ. ಅವರಿಗೂ ಚಿಕ್ಕವರಿದ್ದಾಗ ಗ್ರಾಮಫೋನಿನ ಸದ್ದು ಕೇಳಿದರೆ ಬೀದಿಗೆ ಓಡುವ ಹುಚ್ಚು ಇತ್ತು. ಒಂದೇ ಗುರುವಿನ ಕೈಯಲ್ಲಿ ಬೆಳೆದ ಇಬ್ಬರು ದೊಡ್ಡ ಗಾಯಕರೂ ಮೊದಲು ಗ್ರಾಮಫೋನಿನ ಅಭಿಮಾನಿಗಳು.

೨. ಮ್ಯಾಂಚೆಸ್ಟರಿನ ನಲವತ್ತು ಮಂದಿ

ಈಗ ಎರಡನೇ ಉದಾಹರಣೆ. 1976ರ ಜೂನ್ 4, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಸಣ್ಣ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ ಬ್ಯಾಂಡಿನ ಕಾರ್ಯಕ್ರಮ. ಟಿಕೆಟ್ 50 ಪೆನ್ಸ್. ಬಂದವರು ಸುಮಾರು 40 ಜನ. ಆಮೇಲೆ "ನಾನೂ ಅಲ್ಲಿದ್ದೆ" ಅಂದವರು ಸಾವಿರಗಟ್ಟಲೆ, ಅದು ಬೇರೆ!

ಕಾರ್ಯಕ್ರಮ ಏರ್ಪಡಿಸಿದವರು ಯಾವ ದೊಡ್ಡ ಕಂಪನಿಯೂ ಅಲ್ಲ. ಬೋಲ್ಟನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ತಾಂತ್ರಿಕ ಕಾಲೇಜಿನಲ್ಲಿ ಪರಿಚಯವಾದ ಇಬ್ಬರು ಹುಡುಗರು, ಪೀಟ್ ಶೆಲ್ಲಿ ಮತ್ತು ಹೊವಾರ್ಡ್ ಡಿವೋಟೊ. ಪತ್ರಿಕೆಯಲ್ಲಿ ಒಂದು ವಿಮರ್ಶೆ ಓದಿ, ಆ ಬ್ಯಾಂಡ್ ನೋಡಲಿಕ್ಕೆ ದಕ್ಷಿಣಕ್ಕೆ ಹೋಗಿ ಬಂದು, "ಇವರನ್ನು ನಮ್ಮೂರಿಗೆ ಕರೆಸೋಣ" ಅಂತ ಹೊರಟವರು. ತಮ್ಮದೇ ಬಜ್‌ಕಾಕ್ಸ್ ಬ್ಯಾಂಡೂ ಅದೇ ದಿನ ಹಾಡಬೇಕು ಅಂತ ಆಸೆ ಇತ್ತು, ಆದರೆ ತಂಡ ಕೂಡಿ ಬರಲಿಲ್ಲ. ಮುಂದಿನ ತಿಂಗಳು ಪಿಸ್ಟಲ್ಸ್ ಮತ್ತೆ ಬಂದಾಗ ಹಾಡಿದರು.

ಆ 40 ಜನರಲ್ಲಿ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಎಂಬ ಗೆಳೆಯರಿದ್ದರು. ಹುಕ್ ಅಮ್ಮನ ಹತ್ತಿರ ಸಾಲ ಮಾಡಿ ಮರುದಿನವೇ ಒಂದು ಬೇಸ್ ಗಿಟಾರ್ ಕೊಂಡ. ನುಡಿಸಲು ಬರುತ್ತಿರಲಿಲ್ಲ. ಅವರ ಬ್ಯಾಂಡೇ ಮುಂದೆ ಜಾಯ್ ಡಿವಿಷನ್ ಆಯ್ತು, ಆಮೇಲೆ ನ್ಯೂ ಆರ್ಡರ್ ಆಯ್ತು. ಮುಂದೆ ದಿ ಸ್ಮಿತ್ಸ್ ಬ್ಯಾಂಡಿನ ಹಾಡುಗಾರನಾದ ಮಾರಿಸ್ಸಿಯೂ ಆ ಕೋಣೆಯಲ್ಲಿದ್ದ.

ಬಜ್‌ಕಾಕ್ಸ್ ಹುಡುಗರು ಇನ್ನೊಂದು ಕೆಲಸ ಮಾಡಿದರು. ಯಾವ ಕಂಪನಿಯ ಬಾಗಿಲನ್ನೂ ಕಾಯದೆ, ಮನೆಯವರ, ಗೆಳೆಯರ ಹತ್ತಿರ 500 ಪೌಂಡ್ ಸಾಲ ತಂದು, ನಾಲ್ಕು ಹಾಡಿನ ಒಂದು ರೆಕಾರ್ಡನ್ನು ತಾವೇ ಅಚ್ಚು ಹಾಕಿಸಿದರು. ಅದು ಹೊರಬಂದದ್ದು 1977ರ ಜನವರಿಯಲ್ಲಿ. ಮೊದಲು 1000 ಪ್ರತಿ, ಕೊನೆಗೆ ಮಾರಿದ್ದು 16,000. ಸಣ್ಣ ಊರಿನ ಹುಡುಗರೂ ರೆಕಾರ್ಡ್ ಮಾಡಬಹುದು ಅಂತ ಆಗ ಉಳಿದವರಿಗೆ ತಿಳೀತು.

ಲಂಡನ್ನಿನಲ್ಲಿ ಮಾರ್ಕ್ ಪೆರ್ರಿ ಎಂಬ ಬ್ಯಾಂಕ್ ಗುಮಾಸ್ತ ರಮೋನ್ಸ್ ಸಂಗೀತಕ್ಕೆ ಮರುಳಾಗಿ 1976ರಲ್ಲಿ ಸ್ನಿಫಿನ್ ಗ್ಲೂ ಎಂಬ ಪತ್ರಿಕೆ ಶುರು ಮಾಡಿದ. ಟೈಪ್ ಮಾಡೋದು, ಶೀರ್ಷಿಕೆಯನ್ನು ಸ್ಕೆಚ್ ಪೆನ್ನಿನಲ್ಲಿ ಗೀಚೋದು, ಜೆರಾಕ್ಸ್ ಮಾಡಿ ಹಂಚೋದು. ನಾವೀಗ ನಡೆಸ್ತಿರೋ ಈ ಪತ್ರಿಕೆಯ ದೂರದ ಅಣ್ಣ ಅಂತ ಬೇಕಾದರೆ ಕರೀಬಹುದು. ಮುಂದೆ ಅವನೂ ಒಂದು ಬ್ಯಾಂಡ್ ಕಟ್ಟಿದ.

ರಮೋನ್ಸ್ ಅವರ ಮೊದಲ ಆಲ್ಬಂ ಬಂದದ್ದೂ 1976ರಲ್ಲೇ. 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಒಂದೊಂದು ಹಾಡು ಎರಡು, ಎರಡೂವರೆ ನಿಮಿಷ. ಅಬ್ದುಲ್ ಕರೀಂ ಖಾನರ ತಟ್ಟೆ ನೆನಪಿದೆಯಾ? ಬದುಕು ತಿರುಗೋಕೆ ಮೂರು ನಿಮಿಷ ಎರಡೂ ಕಡೆ ಸಾಕಾಯ್ತು.

೩. ಸಾ ಮತ್ತು ಪ: ಎರಡೂ ಕಡೆ ಒಂದೇ ಗಣಿತ

"ತಂಬೂರಿ ಎಲ್ಲಿ, ಕಿರುಚೋ ಗಿಟಾರ್ ಎಲ್ಲಿ!" ಅಂತ ಕೆಲವರು ನಗಬಹುದು. ಸ್ವಲ್ಪ ಲೆಕ್ಕ ಹಾಕೋಣ.

ಪಂಕ್ ಗಿಟಾರಿನಲ್ಲಿ ಹೆಚ್ಚಾಗಿ ಬಳಸೋದು ಪವರ್ ಕಾರ್ಡ್. ಅದರಲ್ಲಿರೋದು ಎರಡೇ ಸ್ವರ, ನಮ್ಮ ಭಾಷೆಯಲ್ಲಿ ಸಾ ಮತ್ತು ಪ. ಇವುಗಳ ಆವರ್ತನದ ಅನುಪಾತ 2:3. ಸಾ 110 ಹರ್ಟ್ಜ್ ಇದ್ದರೆ ಪ 165 ಹರ್ಟ್ಜ್. ಆಂಪ್ಲಿಫೈಯರನ್ನು ಮಿತಿ ಮೀರಿ ಏರಿಸಿದಾಗ ಅಲೆಯ ತುದಿಗಳು ಕತ್ತರಿಸಿದಂತಾಗಿ, ಅಂದ್ರೆ ಕ್ಲಿಪ್ ಆಗಿ, ಹೊಸ ಆವರ್ತನಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡು ಸ್ವರಗಳ ವ್ಯತ್ಯಾಸವೂ ಮೊತ್ತವೂ ಇರುತ್ತವೆ. ವ್ಯತ್ಯಾಸ 55, ಅದು ಒಂದು ಸಪ್ತಕ ಕೆಳಗಿನ ಸಾ. ಮೊತ್ತ 275, ಅದು 55ರ ಐದು ಪಟ್ಟು. ಹುಟ್ಟುವ ಎಲ್ಲವೂ 55ರ ಗುಣಕಗಳೇ ಆದ್ದರಿಂದ ಎಷ್ಟೇ ಗದ್ದಲ ಮಾಡಿದರೂ ಸದ್ದು ಒಂದೇ ಆಧಾರದ ಮೇಲೆ ನಿಲ್ಲುತ್ತೆ. ಇದಕ್ಕೆ ಗಾಂಧಾರ ಸೇರಿಸಿದರೆ? ಗಿಟಾರಿನ ಸಮಭಾಗದ ಶ್ರುತಿಯಲ್ಲಿ ಆ ಸ್ವರ 137.5ರ ಬದಲು ಸುಮಾರು 138.6 ಹರ್ಟ್ಜ್ ಆಗುತ್ತೆ. ಹುಟ್ಟುವ ಆವರ್ತನಗಳು ಒಂದಕ್ಕೊಂದು ಹೊಂದದೆ ಸದ್ದು ಕಲಸಿಹೋಗುತ್ತೆ. ಪಂಕರು ಎರಡೇ ಸ್ವರಕ್ಕೆ ಅಂಟಿಕೊಂಡದ್ದು ಬರೀ ಸೋಮಾರಿತನದಿಂದ ಅಲ್ಲ, ಕಿವಿ ಹಾಗೆ ಹೇಳ್ತು.

ಈಗ ತಂಬೂರಿ. ಸಾಮಾನ್ಯವಾಗಿ ನಾಲ್ಕು ತಂತಿ: ಪ, ಸಾ, ಸಾ, ಕೆಳಗಿನ ಸಾ. ಮತ್ತೆ ಅದೇ ಸಾ ಮತ್ತು ಪ! ಅದರ ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲಿನ ಎಳೆ ಸಿಕ್ಕಿಸುತ್ತಾರೆ. ತಂತಿ ಕಂಪಿಸುವಾಗ ಕುದುರೆಯನ್ನು ಮುಟ್ಟಿ ಮುಟ್ಟಿ ಬಿಡುತ್ತೆ, ಅದರಿಂದ ಮೇಲಿನ ಅನುಸ್ವರಗಳು ಝೇಂಕರಿಸುತ್ತವೆ. ಮೀಟಿದ ಜಾಗದಲ್ಲಿ ಯಾವ ಅನುಸ್ವರದ ಕಂಪನವಿಲ್ಲದ ಬಿಂದು ಇರುತ್ತೋ ಆ ಅನುಸ್ವರ ಕೇಳಿಸಬಾರದು ಅನ್ನೋದು ಹಳೆಯ ನಿಯಮ. ತಂಬೂರಿ, ವೀಣೆಗಳಲ್ಲಿ ಅದೂ ಕೇಳುತ್ತೆ ಅಂತ ಸಿ. ವಿ. ರಾಮನ್ 1921ರಲ್ಲೇ ಬರೆದರು. ಗಿಟಾರಿಗೆ ಗದ್ದಲ ಕೊಡುವ ಕ್ಲಿಪ್ಪಿಂಗ್ ಮತ್ತು ತಂಬೂರಿಗೆ ಜೀವ ಕೊಡುವ ನೂಲು, ಎರಡೂ ನೇರ ಅನುಪಾತಕ್ಕೆ ಒಗ್ಗದ ವ್ಯವಸ್ಥೆಗಳೇ. ಸಿಗ್ನಲ್ಸ್ ಪೇಪರಿನಲ್ಲಿ ನಾನ್-ಲೀನಿಯರ್ ಅಂದ ಕೂಡಲೇ ಪುಟ ತಿರುಗಿಸೋ ಗೆಳೆಯರು ಇದನ್ನು ಗಮನಿಸಬೇಕು.

೪. ಬಾಗಿಲು ತೆರೆದಿತ್ತಾ, ಮುಚ್ಚಿತ್ತಾ?

ಹೋಲಿಕೆ ಇಲ್ಲಿಗೆ ನಿಲ್ಲಬೇಕು, ಯಾಕಂದ್ರೆ ವ್ಯತ್ಯಾಸವೂ ದೊಡ್ಡದು. ಪಂಕ್ ಹೇಳಿದ್ದು: ಮೂರು ಕಾರ್ಡ್ ಗೊತ್ತಾ? ಹಾಗಾದ್ರೆ ಇವತ್ತೇ ಶುರು ಮಾಡು. ಕುಂದಗೋಳ ಹೇಳಿದ್ದು: ಮೊದಲು ಷಡ್ಜ ಸರಿಯಾಗಿ ಹಚ್ಚು, ಉಳಿದದ್ದು ಆಮೇಲೆ ನೋಡೋಣ. ಒಂದು ಕಡೆ ಮರುದಿನವೇ ವಾದ್ಯ ಕೊಂಡವನಿದ್ದಾನೆ, ಇನ್ನೊಂದು ಕಡೆ ಗುರು ಸಿಗೋದಕ್ಕೇ ಮೂರು ವರ್ಷ ಅಲೆದವನಿದ್ದಾನೆ.

ಯಾವುದು ಸರಿ? ನಮ್ಮಲ್ಲಿ ಇದಕ್ಕೂ ವಾದ ನಡೀತು. ನಮಗೆ ತೋಚಿದ್ದು ಹೀಗೆ. ಶುರು ಮಾಡೋದಕ್ಕೆ ಹೆದರೋರಿಗೆ ಪಂಕಿನ ಪಾಠ ಬೇಕು. ಶುರು ಮಾಡಿ ಮೂರನೇ ವಾರಕ್ಕೇ ಬಿಡೋರಿಗೆ ಕುಂದಗೋಳದ ಪಾಠ ಬೇಕು. ನಮ್ಮ ಕ್ಯಾಂಪಸ್ಸಿನಲ್ಲಿ ಎರಡೂ ಥರದವರು ಇದ್ದೀವಿ. ಮೊದಲ ವರ್ಷ ಗಿಟಾರ್ ಕೊಂಡು ಎರಡನೇ ಇಂಟರ್ನಲ್ ಹೊತ್ತಿಗೆ ಅದನ್ನು ಬೀರುವಿನ ಮೇಲೆ ಇಟ್ಟವರನ್ನು ಎಣಿಸಿದರೆ ಒಂದು ಆರ್ಕೆಸ್ಟ್ರಾ ಆಗುತ್ತೆ! ಜೊತೆಗೆ, ಚೆನ್ನಾಗಿ ಬರದಿದ್ದರೆ ನಗ್ತಾರೆ ಅಂತ ಕನ್ನಡದಲ್ಲಿ ಬರೆದ ಹಾಡನ್ನು ಫೋನಿನ ನೋಟ್ಸಿನಲ್ಲೇ ಮುಚ್ಚಿಟ್ಟವರೂ ಇದ್ದಾರೆ.

ಗಮನಿಸಿ, ಹುಕ್ ಕೂಡ ಮೂರು ಕಾರ್ಡಿಗೇ ನಿಲ್ಲಲಿಲ್ಲ. ವರ್ಷಗಟ್ಟಲೆ ನುಡಿಸಿ, ಬೇಸಿನ ಮೇಲಿನ ತಂತಿಗಳಲ್ಲಿ ರಾಗ ಹಿಡಿಯುವ ತನ್ನದೇ ಶೈಲಿ ಕಂಡುಕೊಂಡ. ಭೀಮಸೇನರೂ ಗುರುವಿನ ನಕಲಾಗಿ ಉಳಿಯಲಿಲ್ಲ. ಕಿರಾನಾ ಘರಾನೆಯ ನಿಧಾನದ ಆಲಾಪಕ್ಕೆ ಗುಡುಗಿನಂಥ ತಾನು ಸೇರಿಸಿದರು, ಬೇರೆ ಘರಾನೆಯವರಲ್ಲಿ ಮೆಚ್ಚಿದ್ದನ್ನೂ ತೆಗೆದುಕೊಂಡರು. ಒಳ್ಳೆಯ ಅಭಿಮಾನಿ ಮೊದಲು ಅನುಕರಿಸುತ್ತಾನೆ, ಆದರೆ ಅಲ್ಲೇ ಮನೆ ಕಟ್ಟೋದಿಲ್ಲ.

೫. ಅಭಿಮಾನ ಕೆಟ್ಟ ದಾರಿ ಹಿಡಿದಾಗ

ಬರೀ ಒಳ್ಳೆಯದನ್ನೇ ಹೇಳಿದರೆ ಲೇಖನ ಅರ್ಧವಾಗುತ್ತೆ. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿಗೆ ಒಬ್ಬ ದೊಡ್ಡ ಅಭಿಮಾನಿ ಇದ್ದ, ಸಿಡ್ ವಿಶಸ್. ವೇದಿಕೆಯ ಮುಂದೆ ಕುಣಿಯುತ್ತಿದ್ದವನು 1977ರಲ್ಲಿ ಬ್ಯಾಂಡಿನ ಬೇಸ್ ವಾದಕನೇ ಆದ. ಸರಿಯಾಗಿ ನುಡಿಸಲು ಬರುತ್ತಿರಲಿಲ್ಲ. ಅವರ ಆಲ್ಬಮ್ಮಿನಲ್ಲಿ ಬೇಸಿನ ಹೆಚ್ಚಿನ ಭಾಗ ನುಡಿಸಿದ್ದು ಗಿಟಾರಿಸ್ಟ್ ಸ್ಟೀವ್ ಜೋನ್ಸ್. ಸಿಡ್‌ಗೆ ಉಳಿದದ್ದು ವೇಷ: ನೆಟ್ಟಗೆ ನಿಂತ ಕೂದಲು, ಕೊರಳಿಗೆ ಸರಪಳಿ, ಸಿಟ್ಟಿನ ಮುಖ. ಆಮೇಲೆ ಹೆರಾಯಿನ್. 1979ರ ಫೆಬ್ರವರಿ 2ರಂದು ಸತ್ತಾಗ ವಯಸ್ಸು 21. ನಮ್ಮ ಆರನೇ ಏಳನೇ ಸೆಮಿಸ್ಟರ್ ಹುಡುಗರ ವಯಸ್ಸು.

ಬೇಸರದ ಸಂಗತಿ ಏನಂದ್ರೆ, ಇವತ್ತಿಗೂ ಟೀ ಶರ್ಟ್ ಮೇಲೆ ಹೆಚ್ಚು ಕಾಣೋ ಪಂಕ್ ಮುಖಗಳಲ್ಲಿ ಅವನದೂ ಒಂದು. ಹುಕ್ ಮತ್ತು ಸಿಡ್ ಇಬ್ಬರೂ ಒಂದೇ ಬ್ಯಾಂಡಿನ ಅಭಿಮಾನಿಗಳು, ಇಬ್ಬರೂ ಬೇಸ್ ಹಿಡಿದವರು. ಒಬ್ಬ ಕೆಲಸವನ್ನು ಮೆಚ್ಚಿದ, ಇನ್ನೊಬ್ಬ ಚಿತ್ರವನ್ನು ಮೆಚ್ಚಿದ. ಕಲಾವಿದನ ಚಟ, ಸಿಟ್ಟು, ಅಹಂಕಾರ ಎಲ್ಲವನ್ನೂ ಪ್ರತಿಭೆಯ ಭಾಗ ಅಂತ ನಂಬೋದು ಅಭಿಮಾನ ಅಲ್ಲ. ಗೆಳೆಯರಲ್ಲಿ ಯಾರಾದರೂ ಆ ದಾರಿಯಲ್ಲಿ ಕಂಡರೆ ಅದನ್ನು 'ಸ್ಟೈಲ್' ಅಂತ ಬಿಟ್ಟುಬಿಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿಸಿ.

೬. ಹಾಡು ಬೀದಿಗೆ ಬಂದಾಗ

ಎಲ್ಲ ಅಭಿಮಾನಿಗಳೂ ಹಾಡುಗಾರರೇ ಆಗಬೇಕಿಲ್ಲ. 1978ರ ಏಪ್ರಿಲ್ 30ರಂದು ಲಂಡನ್ನಿನಲ್ಲಿ ಜನಾಂಗದ್ವೇಷದ ವಿರುದ್ಧ ದೊಡ್ಡ ಮೆರವಣಿಗೆ ನಡೀತು. ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನವರೆಗೆ ನಡೆದ ಸಾವಿರಾರು ಜನರ ಮುಂದೆ ದಿ ಕ್ಲ್ಯಾಶ್ ಹಾಡಿದರು. ಅವರನ್ನು ಕೇಳೋಕೆ ಬಂದಿದ್ದ 20 ವರ್ಷದ ಬಿಲ್ಲಿ ಬ್ರ್ಯಾಗ್ ಎಂಬ ಹುಡುಗ ತನ್ನ ರಾಜಕೀಯ ಅರಿವು ಶುರುವಾದದ್ದು ಅಲ್ಲಿಂದ ಅಂತ ಮುಂದೆ ಮತ್ತೆ ಮತ್ತೆ ಹೇಳಿದ್ದಾನೆ. ಬದಲಾಯಿಸಿದ್ದು ಹಾಡೊಂದೇ ಅಲ್ಲ, ಸುತ್ತ ನಿಂತಿದ್ದ ಜನ.

ನಮ್ಮ ಕಡೆ ಅದೇ ಕಾಲಕ್ಕೆ ಏನಾಗ್ತಿತ್ತು? 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ ಹೊರಬಂತು. ಅದರ ಪದ್ಯಗಳನ್ನು ಜನ ಓದಿದ್ದಕ್ಕಿಂತ ಹೆಚ್ಚಾಗಿ ಹಾಡಿದರು. ವೇದಿಕೆ ಬೇಡ, ವಾದ್ಯ ಬೇಡ, ಒಂದು ತಮಟೆ ಇದ್ದರೆ ಸಾಕು. ಮಾತು ಒರಟು, ನೇರ, ಯಾರು ಬೇಕಾದರೂ ದನಿ ಸೇರಿಸಬಹುದು. ಪಂಕ್ ಅಂದರೆ ಇದೇ ಅಲ್ವಾ? ಪಿಸ್ಟಲ್ಸ್ ಮ್ಯಾಂಚೆಸ್ಟರಿಗೆ ಹೋಗೋದಕ್ಕೆ ಒಂದು ವರ್ಷ ಮೊದಲು! ಆ ಹೆಸರು ನಮಗೆ ಬೇಕಿಲ್ಲ, ನಮ್ಮಲ್ಲಿ ಅದಕ್ಕೆ ಹೋರಾಟದ ಹಾಡು ಅಂತಲೇ ಕರೆದರು.

1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಮಲಪ್ರಭಾ ನೀರಾವರಿ ಪ್ರದೇಶದ ಕರದ ವಿರುದ್ಧ ಬೀದಿಗಿಳಿದರು. ಗೋಲಿಬಾರ್ ಆಯ್ತು, ರೈತರು ಜೀವ ಕಳೆದುಕೊಂಡರು. ಆ ದಿನವನ್ನು ಇವತ್ತಿಗೂ ರೈತ ಹುತಾತ್ಮ ದಿನ ಅಂತ ನೆನೆಯುತ್ತಾರೆ. ಆ ಬಂಡಾಯ ಹುಟ್ಟಿದ್ದು ಹೊಲದಲ್ಲಿ, ಯಾವ ಹಾಡಿನಿಂದಲೂ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಸಿಟ್ಟಿಗೆ ಕಾರಣ ಬದುಕು, ಹಾಡು ಅದಕ್ಕೆ ನಾಲಿಗೆ ಕೊಡುತ್ತೆ ಅಷ್ಟೇ. ಕಪ್ಪು ಟೀ ಶರ್ಟಿನ ಮೇಲೆ 'ಬಂಡಾಯ' ಅಂತ ಅಚ್ಚು ಹಾಕಿಸೋ ಮೊದಲು ನರಗುಂದದಲ್ಲಿ ಆ ಪದದ ಬೆಲೆ ಏನು ಅಂತ ತಿಳ್ಕೊಳ್ಳೋದು ಒಳ್ಳೇದು.

೭. ಮೂರು ಮೆಟ್ಟಿಲು

ಇಷ್ಟು ಓದಿದ ಮೇಲೆ ಅಭಿಮಾನಕ್ಕೆ ಮೂರು ಮೆಟ್ಟಿಲು ಇವೆ ಅಂತ ನಮಗೆ ಅನಿಸಿತು.

ಮೊದಲನೆಯದು ಕೇಳೋದು. ಹಿನ್ನೆಲೆಯಲ್ಲಿ ಹಾಕಿಕೊಂಡು ಕೋಡ್ ಬರೆಯೋದಲ್ಲ, ಮೂರು ನಿಮಿಷ ಬೇರೇನೂ ಮಾಡದೆ ಕೇಳೋದು.

ಎರಡನೆಯದು ಮಾಡೋದು. ಹಾಡು, ವಾದ್ಯ, ಪತ್ರಿಕೆ, ಪೋಸ್ಟರ್, ಸೌಂಡ್ ಸಿಸ್ಟಮ್, ಏನಾದರೂ ಆಗಲಿ.

ಮೂರನೆಯದು ಇನ್ನೊಬ್ಬರಿಗೆ ಜಾಗ ಮಾಡಿಕೊಡೋದು. ಇದನ್ನು ಹೆಚ್ಚಿನವರು ಮರೀತಾರೆ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯ್ತು. ಭೀಮಸೇನರು ಅದನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. ಎಷ್ಟೋ ಹೊಸ ಗಾಯಕರಿಗೆ ಅದೇ ದೊಡ್ಡ ವೇದಿಕೆ. 2008ರಲ್ಲಿ ಭಾರತರತ್ನ ಬಂತು, 2011ರ ಜನವರಿ 24ರಂದು ಅವರು ಹೋದರು, ಉತ್ಸವ ಇನ್ನೂ ನಡೀತಿದೆ. ಶೆಲ್ಲಿ, ಡಿವೋಟೊ ಕೂಡ ಸಭಾಂಗಣ ಬಾಡಿಗೆಗೆ ಹಿಡಿಯದಿದ್ದರೆ ಆ 40 ಜನ ಆ ಸಂಜೆ ಮನೆಯಲ್ಲೇ ಕೂತಿರುತ್ತಿದ್ದರು.

ಈಗ ಅಭ್ಯಾಸ. ಅಂಕ ಇಲ್ಲ, ಆದ್ದರಿಂದ ನಿಜವಾಗಿ ಮಾಡಿ.

ಒಂದು: ತಂಬೂರಿಯ ಒಂದು ಮೀಟು ಮತ್ತು ಡಿಸ್ಟಾರ್ಷನ್ ಹಾಕಿದ ಗಿಟಾರಿನ ಒಂದು ಪವರ್ ಕಾರ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ಅವುಗಳ ಸ್ಪೆಕ್ಟ್ರಮ್ ಹೋಲಿಸಿ. ಯಾವ ಅನುಸ್ವರ ಎಷ್ಟು ಎತ್ತರ ಅಂತ ಬರೆದಿಡಿ.

ಎರಡು: ಗಜೇಂದ್ರಗಡದ ಗೆಳೆಯರು ರಜೆಗೆ ಹೋದಾಗ ಕೈಮಗ್ಗದ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ತನ್ನಿ. ನಿಮಿಷಕ್ಕೆ ಎಷ್ಟು ಬಡಿತ ಅಂತ ಎಣಿಸಿ. ಆ ಲಯದ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೀರಿ. ನೇಯ್ದವರನ್ನು ಕೇಳಿಯೇ ರೆಕಾರ್ಡ್ ಮಾಡಿ, ಆದ ಹಾಡನ್ನು ಮೊದಲು ಅವರಿಗೇ ಕೇಳಿಸಿ.

ಮೂರು: ನರಗುಂದದ ಗೆಳೆಯರು ಮನೆಯ ಹಿರಿಯರನ್ನು 1980ರ ಬಗ್ಗೆ ಕೇಳಿ. ಆಗ ಜನ ಏನು ಹಾಡುತ್ತಿದ್ದರು, ಏನು ಕೂಗುತ್ತಿದ್ದರು ಅಂತ ಬರೆದುಕೊಳ್ಳಿ. ಇನ್ನು ಹತ್ತು ವರ್ಷ ಬಿಟ್ಟರೆ ಕೇಳೋದಕ್ಕೆ ಜನ ಸಿಗೋದಿಲ್ಲ.

ನಾಲ್ಕು: ರೋಣದವರು, ಉಳಿದವರೂ ಸಹ, ಭೀಮಸೇನರ ಒಂದು ದಾಸರ ಪದವನ್ನೂ ಒಂದು ವಿಲಂಬಿತ ಖ್ಯಾಲನ್ನೂ ಪೂರ್ತಿ ಕೇಳಿ. ಖ್ಯಾಲಿನ ಹತ್ತನೇ ನಿಮಿಷಕ್ಕೆ ಬೇಜಾರಾದರೆ ನಾಚಿಕೆ ಬೇಡ, ನಮ್ಮಲ್ಲೂ ಕೆಲವರಿಗೆ ಆಗಿದೆ. ಮರುದಿನ ಮತ್ತೆ ಅಲ್ಲಿಂದಲೇ ಶುರು ಮಾಡಿ.

ಮಾಡಿದ್ದನ್ನು ಸಂಘಕ್ಕೆ ಕಳಿಸಿ. ಶ್ರುತಿ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ. ಮುಂದಿನ ತಿಂಗಳು ಸಂಜೆ ಒಂದು ತರಗತಿ ಕೋಣೆ ಕೇಳಿ ತಗೊಂಡು ಎಲ್ಲವನ್ನೂ ಒಟ್ಟಿಗೆ ಕೂತು ಕೇಳೋಣ. 40 ಜನ ಬಂದರೆ ಸಾಕು.